ಕೂಸ ಬದಲ

ಸುಪ್ರಿಯಾ, ನಿನಗ ಕನ್ನಡ ಮಾತಾಡಾಕ ಬರ್ತದ, ಓದಾಕ ಬರಂಗಿಲ್ಲ ಅಂತ ನನಗ ಗೊತ್ತದ. ಆದ್ರೂ ನಾ ಕನ್ನಡದಾಗನ ಬರ್ಯಾಕತ್ತೀನಿ. ನಿಮ್ಮ ಅಜ್ಜನ ಮುಂದ ಕುಂತು ಓದಿಸಿಕೋ, ಅಂವಗೂ ಹೊತ್ತ ಹೋಗ್ತದ. ಹೋದ ವಾರ ಫೋನಿನ್ಯಾಗ ನೀ ಅಂದಿ, "ಕಸ್ತೂರಿ ಬಾಯಿ, ನರ್ಸ ಆಗಿ ಮೊದಲನೇ ನೌಕರಿ, ಹೆರಿಗಿ ವಾರ್ಡಿಗಿ ಹಾಕ್ಯಾರ, ಅದೂ ಚಲೋ ಇದ್ದ ಕೂಸಗೋಳ ಕಡಿ. ಜಡ್ಡಿಲ್ಲ, ಬ್ಯಾನಿಲ್ಲ, ಅಲ್ಲಿ ಏನ ಕೆಲಸ ಇರ್ತದ್ರಿ?" ನಾ ನಕ್ಕ ಬಿಟ್ನಿ. ಮೂವತ್ತ್ನಾಕ ವರ್ಷ ನಾ ಅದನ್ನ ಮಾಡೀನಿ ತಂಗಿ. ಸೋಲಾಪುರದಾಗ ಸ್ವಲ್ಪ, ಅಕ್ಕಲಕೋಟದಾಗ ಭಾಳ, ಮತ್ತ ಕಡೀಕ ಸೋಲಾಪುರದಾಗ.

ಜಡ್ಡಿನ ಕೂಸಿನ ಮ್ಯಾಲ ಎಲ್ಲಾರ ಕಣ್ಣ ಇರ್ತಾವ. ಡಾಕ್ಟರ್ ಓಡಿ ಬರ್ತಾರ, ಮಷೀನ ಕೂಗ್ತಾವ, ಮನಿ ಮಂದಿ ಹರಕಿ ಹೊರ್ತಾರ. ಚಲೋ ಇದ್ದ ಕೂಸಿನ್ನ ನೋಡಾಕಿ ನೀ ಒಬ್ಬಾಕಿನ. ಒರಸಬೇಕು, ಬೆಚ್ಚಗ ಸುತ್ತಬೇಕು, ಅವ್ವನ ಎದಿಗಿ ಹಚ್ಚಬೇಕು. ಉಚ್ಚಿ ಹೊಯ್ತೋ ಇಲ್ಲೋ, ಕರೇ ಹೇಲ ಆತೋ ಇಲ್ಲೋ, ಮೈ ಹಳದಿ ತಿರಗೇದೇನು, ಬೆಳಕಿಗಿ ಹಿಡದ ನೋಡಬೇಕು. ಎಲ್ಲಾ ಸರಿ ಅದ ಅಂದ್ರ ಎರಡ ಮೂರ ದಿನಕ್ಕ ಮನಿಗಿ ಕಳಿಸಬೇಕು. ರಿಕ್ಷಾ ಹತ್ತಿ ಹೊಂಟಾಕಿ ನಿನ್ನ ಕಡಿ ಹೊಳ್ಳಿ ನೋಡಂಗಿಲ್ಲ. ನೋಡಿದ್ಲು ಅಂದ್ರ ಏನೋ ಮರತ ಹೋಗ್ಯಾಳ ಅಂತ ತಿಳಕೋ, ಪಲಂಗದ ಕೆಳಗ ಹುಡುಕು.

ನಂದೂ ನಿಂದೂ ಊರ ಒಂದ, ಹೋಟಗಿ. ನಮ್ಮಪ್ಪ ರೇಲ್ವೇದಾಗ ಗ್ಯಾಂಗಮನ್. ಕನ್ನಡ ಸಾಲ್ಯಾಗ ಏಳನೇ ಇಯತ್ತಾ ತನಕ ಕಲ್ತು, ಮುಂದ ಮರಾಠಿ ಹಾಯಸ್ಕೂಲಿಗಿ ಹೋದ್ನಿ. ಸೋಲಾಪುರಕ್ಕ ನರ್ಸಿಂಗ ಕಲಿಯಾಕ ಬಂದಾಗ ಹಾಸ್ಟೆಲಿನ ಹುಡುಗ್ಯಾರು ನನ್ನ ಮರಾಠಿ ಕೇಳಿ ಬಿದ್ದ ಬಿದ್ದ ನಗ್ತಿದ್ರು. ಅವರ ಭಾಷಾದಾಗ ಪಲಂಗ ಗಂಡಸು, ಗಾದಿ ಹೆಂಗಸು. ನಾ ಗಾದಿಗಿ ಮೀಸಿ ಹಚ್ತಿದ್ನಿ, ಪಲಂಗಕ್ಕ ಕುಬಸ ತೊಡಸ್ತಿದ್ನಿ. "ಕಾನಡಿ ಬಂತು, ಕಾನಡಿ ಬಂತು" ಅಂತ ಕೂಗವ್ರು. ನಾ ಹಟ ಹಿಡದ್ನಿ. ಎರಡ ವರ್ಷದಾಗ ಮರಾಠಿ ಹಂಗ ಕಲ್ತನಿ ಅಂದ್ರ, ಪುಣೇದಾಕಿ ಏನು ಅಂತ ಮಂದಿ ಕೇಳಬೇಕು. ಹರದ ಪರಕರ ಸೀರಿ ಒಳಗ ಮುಚ್ಚಿ ಇಟ್ಟಂಗ ಕನ್ನಡಾ ಮುಚ್ಚಿ ಇಟ್ನಿ. ಇದನ್ನ ನೆನಪಿಡು, ನಾ ಮಾಡಿದ ದೊಡ್ಡ ತಪ್ಪಿನ ಬುಡ ಇಲ್ಲೇ ಅದ.

ಅಕ್ಕಲಕೋಟದಾಗ ನೌಕರಿ ಸಿಕ್ಕಿದ್ದು ಒಂದ ಸಣ್ಣ ಖಾಸಗಿ ಹೆರಿಗಿ ದವಾಖಾನ್ಯಾಗ. ಹೆಸರ ಬರಿಯಂಗಿಲ್ಲ. ಆ ದವಾಖಾನಿ ಮುಚ್ಚಿ ಭಾಳ ದಿನ ಆತು, ಈಗ ಅಲ್ಲಿ ಬಟ್ಟಿ ಅಂಗಡಿ ಅದ. ನಮ್ಮ ಮ್ಯಾಲ ಇನಚಾರ್ಜ ಬಾಯಿ ಅಂತ ಒಬ್ಬರಿದ್ರು, ಪಂಢರಪುರದ ಕಡ್ಯಾರು. ಮಾತ ಕಮ್ಮಿ, ಕಣ್ಣ ಹೆಚ್ಚ. ಕನ್ನಡದ ಒಂದ ಅಕ್ಷರ ತಿಳೀತಿದ್ದಿಲ್ಲ. "ವಾರ್ಡಿನ್ಯಾಗ ಎಲ್ಲಾರೂ ಒಂದ ಭಾಷಾ ಮಾತಾಡ್ರಿ, ಗೊಂದಲ ಬ್ಯಾಡ" ಅನ್ನೂದು ಅವರ ಕಾನೂನ. ನನಗಂತೂ ಅದು ಹಾಲು-ಸಕ್ಕರಿ ಆತು.

ಅವರಿಂದ ನಾ ಕಲ್ತದ್ದು ಪುಸ್ತಕದಾಗಿಲ್ಲ. ಆವಾಗ ಕೂಸ ಹುಟ್ಟಿದ ಕೂಡಲೇ ಎರದ ಬಿಡೂ ಪದ್ಧತಿ. ಒಂದ ಥಂಡಿ ದಿನ ನಾ ಒಂದ ಕೂಸಿಗಿ ಬಿಸಿ ನೀರ ಹಾಕಿ ಚೆಂದ ಎರದ್ನಿ. ಎರಿಯೂದ್ರಾಗ ಅದರ ತುಟಿ ನೀಲಿ ಆದ್ವು, ಕಾಲ ಮಂಜಗಡ್ಡಿ. ನಾ ಟಾವೆಲ್ ಹುಡುಕ್ಕೋತ ಹುಚ್ಚಿ ಹಂಗ ತಿರಗಾಕತ್ನಿ. ಇನಚಾರ್ಜ ಬಾಯಿ ಬಂದ್ರು, ಒಂದ ಮಾತ ಆಡ್ಲಿಲ್ಲ, ಕೂಸಿನ್ನ ಕಸಗೊಂಡು ತಮ್ಮ ಎದಿಗಿ ಒತ್ತಿ, ಮ್ಯಾಲ ಸೆರಗ ಹೊಚ್ಚಿ ಗ್ವಾಡಿಗಿ ಒರಗಿ ನಿಂತ್ರು. ಸ್ವಲ್ಪ ಹೊತ್ತಿಗಿ ಒಳಗಿಂದ ಅಳೂ ಸಪ್ಪಳ ಬಂತು. ಆಮ್ಯಾಲ ಅಂದ್ರು, "ಸೋಪಿನಕಿಂತ ಶಾಖ ದೊಡ್ಡದು." ಈಗ ನಿಮಗ ಕಲಸ್ತಾರ, ಮೊದಲನೇ ದಿನ ಎರಿಬ್ಯಾಡ್ರಿ ಅಂತ. ಮುದಕ್ಯಾರು ಜಗಳಕ್ಕ ಬರ್ತಾರ, "ಮೈಲಿಗಿ ಕೂಸ ಹೆಂಗ ಮನಿಗಿ ಒಯ್ಯೂದು" ಅಂತ. ಬರ್ಲಿ. ನೀ ಬಗ್ಗಬ್ಯಾಡ.

ಇನ್ನೊಂದ ಮಾತ. ಅವ್ವಂದಿರು ನಿನಗ ಕೇಳೇ ಕೇಳ್ತಾರ, "ನಿಮಗ ಎಷ್ಟ ಮಕ್ಕಳ್ರಿ ಬಾಯಿ?" ನನ್ನ ಲಗ್ನ ಆಗಿತ್ತು. ಏಳ ವರ್ಷ ಕೂಡಿ ಇದ್ವಿ, ಮಕ್ಕಳಾಗ್ಲಿಲ್ಲ, ಅಂವಾ ತನ್ನ ದಾರಿ ಹಿಡದ. ಮೊದ ಮೊದಲ "ಇಲ್ಲ" ಅಂತಿದ್ನಿ. ಹಂಗಂದ ಕೂಡಲೇ ಕೂಸಿನ್ನ ಸೆರಗಿನ್ಯಾಗ ಮುಚ್ಚಿಕೊಳ್ಳಾಕಿ ಒಬ್ಬಾಕಿ, ಇನ್ನೊಬ್ಬಾಕಿ "ಅಯ್ಯ ಪಾಪ" ಅನ್ನಾಕಿ. ಆಮ್ಯಾಲ "ಎರಡ, ಒಂದ ಹೆಣ್ಣ ಒಂದ ಗಂಡ" ಅನ್ನಾಕ ಸುರು ಮಾಡಿದ್ನಿ. ಖೊಟ್ಟಿ ಮಕ್ಕಳಿಗಿ ಹೆಸರೂ ಇಟ್ಟಿದ್ನಿ. ನಗಬ್ಯಾಡ. ದಿನಾ ನಾಕ ಕೂಸ ಎತ್ತಿ ಆಡಿಸಿ, ಸಂಜಿಗಿ ಖೋಲಿಗಿ ಬಂದು ಒಂದ ಬಟ್ಟಲ ಅನ್ನ ಮಾಡಿಕೊಂಡ ಉಣ್ಣೂವಾಗ ನನ್ನ ಕೈ ಭಾಳ ಹಗುರ ಅನಸ್ತಿದ್ವು. ಯಾರ ಮುಂದೂ ಹೇಳಿದ್ದಿಲ್ಲ ಇದನ್ನ.

ಈಗ ಆ ತಪ್ಪಿನ ಸುದ್ದಿ.

ಮಾಳವ್ವ ಅಂತ ಒಬ್ಬಾಕಿ ಬಂದಿದ್ಲು, ಅಕ್ಕಲಕೋಟ ತಾಲೂಕಿನ ಹಳ್ಳಿಯಾಕಿ, ಕುರಿ ಸಾಕೂ ಮನಿತನ. ಹತ್ತೊಂಬತ್ತ ವರ್ಷ, ಚೊಚ್ಚಲ ಹೆರಿಗಿ. ಗಂಡ ಕುರಿ ಹೊಡಕೊಂಡು ಭೀಮಾ ನದಿ ದಂಡಿ ಕಡಿ ಹೋಗಿದ್ದ. ಸಂಗಾಟ ಅತ್ತಿ ಸಾಬವ್ವ ಬಂದಿದ್ಲು. ಬೀರೋಬಾನ ಗುಡಿ ಪೂಜಾರಿ ಮಾಳವ್ವನ ಹಣಿಗಿ ಭಂಡಾರ ಹಚ್ಚಿ "ಗಂಡ ಆಗ್ತದ" ಅಂತ ಹೇಳಿದ್ನಂತ. ಹುಟ್ಟಿದ್ದು ಹೆಣ್ಣ. ಹೊಕ್ಕಳಬಳ್ಳಿ ಕೊಯ್ಯೂಕಿಂತ ಮೊದಲ ಕೂಸಿನ ಮಣಿಕಟ್ಟಿಗಿ ಚಿಕಟಪಟ್ಟಿ, ಗಾಯಕ್ಕ ಹಚ್ಚೂ ಅಂಟಪಟ್ಟಿ, ಸುತ್ತಿ, ಅದರ ಮ್ಯಾಲ ಮಾಳವ್ವನ ಹೆಸರ ಬರದಾಕಿ ನಾನ. ಸಾಬವ್ವ ಕೂಸಿನ್ನ ಒಮ್ಮಿ ನೋಡಿದ್ಲು. ಚಹಾ ಕುಡದ ಬರ್ತೀನಿ ಅಂತ ಹೋದಾಕಿ ಊರಿಗೇ ಹೋಗಿ ಬಿಟ್ಲು.

ಅದ ದಿನ ಬಾಜೂ ಪಲಂಗದ ಮ್ಯಾಲ ಒಬ್ಬ ಮರಾಠಿ ಮಾಸ್ತರ ಹೆಂಡತಿ ಹಡದಿದ್ಲು, ಗಂಡ ಕೂಸ. ಆವಾಗ ಕೂಸಗೋಳನ್ನ ಅವ್ವನ ಬಾಜೂಕ ಮಲಗಸೂ ಪದ್ಧತಿ ಇದ್ದಿದ್ದಿಲ್ಲ. ಒಂದ ಖೋಲ್ಯಾಗ ಸಾಲಾಗಿ ತೊಟ್ಟಲಾ ಇಟ್ಟು, ಹಾಲಿನ ಹೊತ್ತಿಗಿ ತಂದ ಕೊಟ್ಟು, ಮತ್ತ ಒಯ್ತಿದ್ವಿ. ಈಗಿನ ಪದ್ಧತಿನ ಚಲೋ. ಕೂಸ ಅವ್ವನ ಮಗ್ಗಲದಾಗ ಇದ್ರ ಯಾರಿಗೂ ಯಾವ ಅನುಮಾನೂ ಬರಂಗಿಲ್ಲ.

ಮರುದಿನ ಮಧ್ಯಾಹ್ನ ಮಾಳವ್ವ ಎಡ ಮಗ್ಗಲಾಗಿ ಮಲಗಿ ಕೂಸಿಗಿ ಎಡದ ಎದಿ ಕುಡಸಾಕತ್ತಿದ್ಲು. ಭಾಳ ಹೊತ್ತ ಆಗಿತ್ತು, ಹೊಳ್ಳಿ ಮಲಗಿ ಬಲದ ಎದಿ ಕೊಡಬೇಕಿತ್ತು. ನನ್ನ ಎರಡೂ ಕೈಯಾಗ ಕುದಿಸಿದ ಬಟ್ಟಿ ಬುಟ್ಟಿ. ನಿಂತ ಹೇಳಾಕ ಪುರಸೊತ್ತಿಲ್ಲ. ಹೋಗ್ತಾ ಹೋಗ್ತಾ ಅಂದ್ನಿ, "ಕೂಸ ಬದಲ ಗ, ಕೂಸ ಬದಲ." ಮರಾಠ್ಯಾಗ ಕೂಸ ಅಂದ್ರ ಮಗ್ಗಲ. ಮಗ್ಗಲ ಬದಲ ಮಾಡು, ಆ ಕಡಿ ಹೊಳ್ಳು ಅಂತ ನಾ ಅಂದದ್ದು. ಆಕಿ ಕಣ್ಣ ದೊಡ್ಡವು ಮಾಡಿ ನನ್ನ ಮಾರಿ ನೋಡಿದ್ಲು. ತಿಳೀಲಿಲ್ಲ ಅನಕೊಂಡು ನಾ ಗದ್ದಾ ಎತ್ತಿ ಆಕಿ ಬಲಗಡಿ ತೋರಿಸಿ ಮತ್ತೊಮ್ಮಿ ಅಂದ್ನಿ, "ಬದಲ, ಬದಲ." ಬಲಗಡಿ ಮಾಸ್ತರ ಹೆಂಡತಿ ಇದ್ಲು, ಆಕಿ ತೊಡಿ ಮ್ಯಾಲ ಗಂಡ ಕೂಸ.

ಹೋಟಗ್ಯಾಗ ಹುಟ್ಟಿ, ನಮ್ಮವ್ವನ ಬಾಯಾಗ ದಿನಾ ಕೂಸ ಕೂಸ ಅಂತ ಕೇಳಿ ದೊಡ್ಡಾಕಿ ಆದ ನನಗ ಹೊಳೀಲಿಲ್ಲ ನೋಡು. ಕನ್ನಡದ ಹುಡುಗಿ ಕಿವ್ಯಾಗ ಬಿದ್ದದ್ದು ಒಂದ, ಕೂಸ ಅದಲ-ಬದಲ ಆಗೇದ ಅಂತ. ದವಾಖಾನಿ ಬಾಯಿನ ಗುಟ್ಟಾಗಿ ಹೇಳಿ ಹೋದ್ಲು ಅಂತ.

ಸಂಜಿಗಿ ಮಾಳವ್ವ ಹಾಲ ಕುಡಸೂದ ಬಿಟ್ಲು. ಕೂಸ ಒಯ್ದ ಕೊಟ್ರ ಗ್ವಾಡಿ ಕಡಿ ಮಾರಿ ಮಾಡೂದು. ಎದಿ ನೋಯಾಕತ್ತಾವ ಅನಕೊಂಡ್ನಿ. ಕೇಳಿದ್ನಿ, ಅದೂ ಮರಾಠ್ಯಾಗ. ಆಕಿ ಅಳಾಕತ್ಲು. ಚೊಚ್ಚಲ ಬಾಣಂತ್ಯಾರು ಅಳ್ತಾರ ಬಿಡು ಅಂತ ಆಕಿ ಹಾಲ ಹಿಂಡಿಸಿ, ಕೂಸಿಗಿ ವಾಟಿ-ಚಮಚದಲೆ ಕುಡಿಸಿದ್ನಿ. ಮರುದಿನ ಮುಂಜಾನೆ ಮಾಸ್ತರ ಹೆಂಡತಿ ತನ್ನ ಕೂಸ ತಗೊಂಡು ಮನಿಗಿ ಹೋದ್ಲು. ಆಕಿ ಹೋಗೂದ ತಡ, ಸಾಬವ್ವ ಊರಿಂದ ಹತ್ತ ಮಂದೀನ ಕರಕೊಂಡ ಬಂದ್ಲು; ದವಾಖಾನಿಗಿ ಬಂದ ಊರವರ ಕೈಲೆ ಮಾಳವ್ವ ಸುದ್ದಿ ಕಳಿಸಿದ್ಲಂತ.

"ನಮ್ಮ ಕೂಸ ಎಲ್ಲಿ? ನಮ್ಮ ಗಂಡಕೂಸ ಯಾರಿಗಿ ಕೊಟ್ರಿ?"

ದೊಡ್ಡ ಡಾಕ್ಟರ್ ಬಾಯಿ ಕೆಳಗ ಓಡಿ ಬಂದ್ರು. ಇನಚಾರ್ಜ ಬಾಯಿಗಿ ಏನೂ ತಿಳೀವಲ್ದು, ನನ್ನ ಮಾರಿ ನೋಡ್ತಾರ. ಸಾಬವ್ವ ಸೊಸಿನ್ನ ಎಬ್ಬಿಸಿ ನಿಂದರಿಸಿ ಅಂದ್ಲು, "ಹೇಳ ಬೇ, ಯಾರ ಹೇಳಿದ್ರು ನಿನಗ?" ಮಾಳವ್ವ ನನ್ನ ಕಡಿ ಬಟ್ಟ ಮಾಡಿದ್ಲು. "ಈ ಬಾಯಿನ ಹೇಳಿದ್ರಿ. ಕೂಸ ಬದಲ, ಕೂಸ ಬದಲ ಅಂತ ಎರಡ ಸಲ ಹೇಳಿದ್ರಿ. ಆ ಪಲಂಗದ ಕಡಿ ತೋರಿಸಿದ್ರಿ."

ಎರಡೂ ಕೂಸ, ಮರಾಠಿದು ಕನ್ನಡದ್ದು, ಒಮ್ಮಿಗೇ ನನ್ನ ತಲ್ಯಾಗ ಬಂದ ನಿಂತ್ವು. ನಾ ಅಲ್ಲೇ, ಎಲ್ಲಾರ ಮುಂದ, ಆ ದವಾಖಾನಿ ಒಳಗ ಮೊದಲನೇ ಸಲ ಕನ್ನಡ ಮಾತಾಡಿದ್ನಿ. "ಯವ್ವಾ, ಹಂಗಲ್ಲವಾ, ನಾ ಹೊಳ್ಳಿ ಮಲಕೋ ಅಂದ್ನಿ, ಮರಾಠ್ಯಾಗ ಮಗ್ಗಲಕ್ಕ ಕೂಸ ಅಂತಾರ, ನಿನ್ನ ಕೂಸ ನಿನ್ನ ಕಡೆನ ಅದ, ನನ್ನ ಆಣಿ..."

ಸಾಬವ್ವ ನನ್ನ ಮ್ಯಾಲಿಂದ ಕೆಳಗಿನ ತನಕ ನೋಡಿದ್ಲು.

"ಈಗ ಕನ್ನಡ ಬಂತೇನ ಬಾಯಿ ನಿನಗ? ಬಂದ ದಿನದಿಂದ ನಾವು ಕನ್ನಡದಾಗ ಬಾಯಿ ಬಡಕೊಂಡ್ರೂ ಮರಾಠಿ ಬಿಟ್ಟ ಇಳೀಲಿಲ್ಲ. ಸಿಕ್ಕಬಿದ್ದ ಮ್ಯಾಲ ಕನ್ನಡ ಬಂತು?"

ಚಿಕಟಪಟ್ಟಿ ತೋರಿಸಿದ್ವಿ, ರಜಿಸ್ಟರ್ ತೋರಿಸಿದ್ವಿ. "ಬರದವರು ನೀವ, ಓದವರೂ ನೀವ" ಅಂದ್ಲು. ರಕ್ತದ ತಪಾಸಣಿ ಮಾಡಸ್ರಿ ಅಂದ್ರ "ಮಷೀನೂ ನಿಮ್ದ" ಅಂದ್ಲು. ಕಡೀಕ ಇನಚಾರ್ಜ ಬಾಯಿ ಎಲ್ಲಾರನ್ನೂ ಹೊರಗ ಹಾಕಿ ಬಾಗಲಾ ಎಳದ್ರು, ನನ್ನನ್ನ ಮಾಳವ್ವನ ಕಡಿ ಬಿಟ್ಟ ಹೋದ್ರು.

ನಾ ಆಕಿ ಪಲಂಗದ ಮ್ಯಾಲ ಕುಂತ್ನಿ. ವಾದಾ ಮಾಡ್ಲಿಲ್ಲ. ಎದಿ ಮ್ಯಾಲಿನ ಸೆರಗ ಸರಿಸಿ, ಬತ್ತಲಿ ಕೂಸಿನ್ನ ಆಕಿ ಎದಿ ನಡುವ ಬೋರಲಾ ಮಲಗಿಸಿ, ಮ್ಯಾಲ ಉಸರ ಕಟ್ಟಲಾರ್ದಂಗ ಚಾದರ ಹೊಚ್ಚಿದ್ನಿ. ಆಕಿ ಮುಟ್ಟಲಿಲ್ಲ, ಕೈ ಎರಡೂ ಗಾದಿ ಮ್ಯಾಲ ಸತ್ತಂಗ ಬಿದ್ದಿದ್ವು. ಕೂಸ ಸುಮ್ಮನಿತ್ತು. ಆಮ್ಯಾಲ ಗೋಣ ಎತ್ತಿತು, ಬಿತ್ತು, ಮತ್ತ ಎತ್ತಿತು. ಮೂಗಲೆ ಹುಡಕಿಕೋತ, ಕಾಲಲೆ ಒದ್ದಿಕೋತ ಇಷ್ಟಿಷ್ಟ ಸರದು ತಾನ ಎದಿ ಹಿಡೀತು. ಹುಟ್ಟಿದ ಕೂಸಿಗಿ ಇದು ಬರ್ತದ ಸುಪ್ರಿಯಾ, ಯಾರೂ ಕಲಸಬೇಕಾಗಿಲ್ಲ. ಮಾಳವ್ವನ ಕೈ ಮೆಲ್ಲಕ ಎದ್ದು ಕೂಸಿನ ಬೆನ್ನಿನ ಮ್ಯಾಲ ಬಂತು. "ನಂದ ಅದರಿ ಬಾಯಿ," ಅಂದ್ಲು. "ನಂದ ಅದ." ಇಬ್ಬರೂ ಅತ್ವಿ.

ಎರಡ ದಿನಕ್ಕ ಕೂಸಿನ್ನ ನಾನ ಆಕಿ ಉಡ್ಯಾಗ ಹಾಕಿ ಕಳಿಸಿದ್ನಿ. ಸಾಬವ್ವ ಮುಂದ ಮುಂದ ಹೋದ್ಲು, ಕೂಸಿನ ಕಡಿ ನೋಡ್ಲಿಲ್ಲ. ಮನಿಗಿ ಹೋದ್ರ ಕರಳ ಕರಗ್ತದ ಬಿಡು, ಅನಕೊಂಡ್ನಿ. ಇನಚಾರ್ಜ ಬಾಯಿ ನನಗ ಬೈತಾರ ಅಂತ ಕಾದ್ನಿ. ಬೈಲಿಲ್ಲ. ಇಷ್ಟ ಕೇಳಿದ್ರು, "ನಿನಗ ಕಾನಡಿ ಬರ್ತದ?" ಆರ ವರ್ಷ ಅವರ ಬಾಜೂಕ ನಿಂತ ಕೆಲಸ ಮಾಡಿದ್ನಿ, ಅವರಿಗಿ ನಾ ಯಾರ ಮಗಳಂತ ಗೊತ್ತಿದ್ದಿಲ್ಲ.

ಆ ದಿನದಿಂದ ಯಾವ ಬಾಣಂತಿ ಬಂದ್ರೂ ಮೊದಲ "ಯಾವೂರವಾ ನಿಂದು?" ಅಂತ ಕನ್ನಡದಾಗನ ಕೇಳಾಕತ್ನಿ. ಉತ್ತರ ಮರಾಠ್ಯಾಗ ಬಂದ್ರ ಮರಾಠಿ, ಕನ್ನಡದಾಗ ಬಂದ್ರ ಕನ್ನಡ. ಕೆಲಸ ಅರ್ಧ ಆತು. ಮೊದಲನೇ ಹಳದಿ ಹಾಲ ಹಿಂಡಿ ಚೆಲ್ಲಸೂ ಅತ್ತ್ಯಾರಿಗಿ ಮರಾಠ್ಯಾಗ ತಾಸಗಟ್ಲೆ ಭಾಷಣಾ ಮಾಡಿದ್ರೂ ಕೇಳ್ತಿದ್ದಿಲ್ಲ. ಕನ್ನಡದಾಗ ಒಂದ ಮಾತಿನ್ಯಾಗ ಮುಗೀತಿತ್ತು: "ಎಮ್ಮಿ ಗಿಣ್ಣಾ ಬೆಲ್ಲಾ ಹಾಕಿ ಚಪ್ಪರಸ್ತೀರಿ, ಸೊಸಿ ಗಿಣ್ಣಾ ಯಾಕ ಚೆಲ್ತೀರಬೇ?" ನಗ್ತಿದ್ರು, ಬಿಡ್ತಿದ್ರು. ನೀನೂ ಅನ್ನು, ಹರಕತ್ತಿಲ್ಲ.

ಮಾಳವ್ವನ ಸುದ್ದಿ ಮುಂದ ಏನೂ ಬರಲಿಲ್ಲ. ನಮ್ಮ ಕೆಲಸದಾಗ ಬರೂದೂ ಇಲ್ಲ. ಎರಡ ದಿನ ಎತ್ತಿ ಹಿಡದ ಕೂಸ ಯಾವ ಸಾಲಿಗಿ ಹೋತು, ಯಾರನ್ನ ಲಗ್ನ ಆತು, ಇತ್ತೋ ಸತ್ತಿತೋ, ನಿನಗ ಯಾರೂ ಬಂದ ಹೇಳಂಗಿಲ್ಲ. ನಾ ಆ ಕೇಸ ಮುಗೀತು ಅಂತ ತಿಳಕೊಂಡಿದ್ನಿ.

ನಾ ರಿಟಾಯರ್ ಆಗೂಕಿಂತ ಎರಡ ವರ್ಷ ಮೊದಲ, ಸೋಲಾಪುರದ ದವಾಖಾನ್ಯಾಗ ಇದ್ದಾಗ, ಒಂದ ಮುಂಜಾನೆ ಹತ್ತರ ಸುಮಾರಿಗಿ ಒಬ್ಬ ಹುಡಗಿ ಬಂದ ನಿಂತಳು. ಕಾಲೇಜ ಚೀಲ, ಎಣ್ಣಿ ಹಚ್ಚಿದ ಜಡಿ. "ಕಸ್ತೂರಿ ಬಾಯಿ ನೀವ ಏನ್ರಿ? ನಾ ಮಾಳವ್ವನ ಮಗಳರಿ, ರೇಣುಕಾ." ನನಗ ಖುಷಿ ಆಗಿ ಏನ ಮಾಡಬೇಕ ತಿಳೀವಲ್ದು. ಮೂವತ್ತ ವರ್ಷದಾಗ ಹುಡಕ್ಕೊಂಡ ಬಂದ ಕೂಸ ಅದೊಂದ. ಬೆಂಚಿನ ಮ್ಯಾಲ ಕುಂದರಿಸಿ "ಅವ್ವ ಹೆಂಗ ಅದಾಳವಾ?" ಅಂದ್ನಿ.

"ಅವ್ವ ಇಲ್ರಿ. ನಾ ನಾಕನೇ ಇಯತ್ತಾ ಇದ್ದಾಗ ಹೋದ್ಲು."

ಅಪ್ಪ ಮತ್ತೊಂದ ಲಗ್ನ ಆಗ್ಯಾನಂತ, ಎರಡ ಗಂಡ ಮಕ್ಕಳಂತ. ಸಾಬವ್ವ ಇನ್ನೂ ಗಟ್ಟಿ ಅದಾಳಂತ.

"ಕಾಡ್ತಾರೇನ ನಿನಗ?"

"ಇಲ್ರಿ, ಖರೇನ ಇಲ್ರಿ. ಮನ್ಯಾಗ ನನಗ ಬದ್ಲಿ ಅಂತ ಕರೀತಾರ, ಅಷ್ಟ. ಒಂದ ಮಾತ ಬೈಯಂಗಿಲ್ಲ. ನಾ ಇನ್ನೊಬ್ಬರ ಮಗಳಂತ ಮರ್ಯಾದಿ ಕೊಡ್ತಾರ್ರಿ. ಬೀಗರಿಗಿ ನೀಡಿದಂಗ ಎಲ್ಲಾರಕಿಂತ ಮೊದಲ ನನಗ ನೀಡ್ತಾರ. ಅವರೆಲ್ಲಾ ಆಮ್ಯಾಲ ಕೂಡಿ ಕುಂತ ಉಣ್ತಾರ." ಆಮ್ಯಾಲ ಕೇಳಿದ್ಲು, "ಅವ್ವ ಹೇಳ್ತಿದ್ಲು, ದವಾಖಾನಿ ಬಾಯಿಗಿ ಎಲ್ಲಾ ಗೊತ್ತದ ಅಂತ. ಖರೇ ಹೇಳ್ರಿ, ನಾ ಬದಲ ಆಗೀನೇನ್ರಿ?"

ನಾ ಎಲ್ಲಾ ಹೇಳಿದ್ನಿ. ನನ್ನ ಮರಾಠಿ ಸೊಕ್ಕ, ಬಟ್ಟಿ ಬುಟ್ಟಿ, ಮಗ್ಗಲದ ಮಾತ, ಚಿಕಟಪಟ್ಟಿ. "ನಿನ್ನ ಕೈಗಿ ಹೆಸರ ಕಟ್ಟಿದಾಕಿ ನಾನ, ಹೊಕ್ಕಳ ಕೊಯ್ಯೂಕಿಂತ ಮೊದಲ. ನೀ ಮಾಳವ್ವನ ಮಗಳು, ಆ ಮನಿ ಕೂಸ. ಅನುಮಾನನ ಇಲ್ಲ." ಆಕಿ ಮಾರಿ ಅರಳ್ತದ ಅಂತ ನೋಡ್ಕೋತ ಕುಂತಿದ್ನಿ. ಆಕಿ ಮಾರಿ ಸಣ್ಣದಾತು.

"ಒಂದ ಸ್ವಲ್ಪನೂ ಅನುಮಾನ ಇಲ್ರಿ?"

"ಇಲ್ಲವಾ."

ಆಕಿ ನೆಲಾ ನೋಡ್ಕೋತ ಹೇಳಿದ್ಲು. ಅಕ್ಕಲಕೋಟದಾಗ ಆ ಮಾಸ್ತರ ಮನಿ ಕೇಳಿ ಹುಡಕಿ ಎರಡ ಸಲ ಹೋಗಿ ನಿಂತಿದ್ಲಂತ. ಮೊದಲನೇ ಸಲ ಆ ಮನಿ ಬಾಯಿ ಅಂಗಳದಾಗ ಅರಬಿ ಒಣ ಹಾಕಾಕತ್ತಿದ್ರು, ದೂರಿಂದ ನೋಡಿ ಬಂದ್ಲು. ಎರಡನೇ ಸಲ ನೀರ ಕೇಳಿದ್ಲು. "ಬಾಳಾ ಅಂತ ಮಗಳನ್ನ ಕರದಂಗ ಕರದ್ರು, ಒಳಗ ಬಾ, ಚಹಾ ಕುಡೀತಿಯಾ ಅಂದ್ರು ಮರಾಠ್ಯಾಗ. ಅವರ ಮೂಗ ನನ್ನ ಮೂಗಿನ ಹಂಗ ಅನಿಸ್ತರಿ ನನಗ. ಬದಲ ಆಗೇದ ಅಂತ ನೀವು ಹೇಳ್ತೀರಿ ಅನಕೊಂಡ ಬಂದಿದ್ನಿ."

ಸುಪ್ರಿಯಾ, ನನ್ನ ಬಾಯಾಗ ಸುಳ್ಳ ಬಂದ ನಿಂತಿತ್ತು. ಇಲ್ಲದ ಇಬ್ಬರ ಮಕ್ಕಳಿಗಿ ಹೆಸರ ಇಟ್ಟಾಕಿ ನಾ, ಒಂದ ಸುಳ್ಳ ನನಗೇನ ದೊಡ್ಡದು? ಆದ್ರ ಆ ಮಾಸ್ತರ ಮನಿ ಬಾಗಲದಾಗ ಮೂರನೇ ಸಲ ಈಕಿ ಹೋಗಿ ನಿಂತ್ರ ಏನಾಗ್ತದ? ಇನ್ನ ಮಾಳವ್ವ? ಸತ್ತಾಕಿ ಕಡಿಂದ ಮಗಳನ್ನೂ ಕಸಗೊಳ್ಳಾಕ ನನಗ ಆಗಲಿಲ್ಲ. "ನಿಮ್ಮವ್ವ ನಂದ ಅದ ಅಂತ ಎರಡ ಸಲ ಅಂದಾಳವಾ, ನಾ ಕಿವಿಲೆ ಕೇಳೀನಿ," ಅಂದ್ನಿ. ಆಕಿ ಹೂಂ ಅಂತ ಗೋಣ ಹಾಕಿದ್ಲು, ಸಣ್ಣ ಮಕ್ಕಳು ಔಷಧ ನುಂಗಿದಂಗ.

ಎದ್ದು ಚೀಲ ಹೆಗಲಿಗಿ ಹಾಕಿದ್ಲು. "ಬರ್ತೀನ್ರಿ ಬಾಯಿ."

ನಾವೆಲ್ಲಾ ಅನ್ನೂ ಹಂಗ ನಾನೂ ಅಂದ್ನಿ, "ಹೋಗಿ ಬಾ ತಂಗಿ."

ಆಕಿ ನಿಂತ್ಲು. ಚ್ಯಾಷ್ಟಿ ಅಲ್ಲ, ಖರೇನ ಕೇಳಿದ್ಲು. "ಎಲ್ಲಿಗಿ ಬರ್ಲಿರಿ?"

ನಾ ಬಾಯಿ ತೆರದ್ನಿ. ಒಳಗಿಂದ ಯಾರೋ "ಸಿಸ್ಟರ್" ಅಂತ ಕರದ್ರು. "ಬಂದೆ," ಅಂತ ನಾ ಅವರಿಗಿ ಅಂದ್ನಿ, ಆಕಿಗೇನೂ ಅನ್ನಲಿಲ್ಲ. ಆಕಿ ಸ್ವಲ್ಪ ಹೊತ್ತ ಕಾದು, ಕೈ ಮುಗದು ಮೆಟ್ಟಲಾ ಇಳದ ಹೋದ್ಲು. ಖಿಡಕ್ಯಾಗ ನಿಂತ ನೋಡಿದ್ನಿ, ಬಸ್ ಸ್ಟ್ಯಾಂಡ ಕಡಿ ಹೊಂಟಿದ್ಲು. ನನ್ನ ಖೋಲಿ ಅಲ್ಲಿಂದ ಎರಡ ಗಲ್ಲಿ ದಾಟಿದ್ರ ಇತ್ತು, ಅವತ್ತ ಮಧ್ಯಾಹ್ನ ನನಗ ಸೂಟಿನೂ ಇತ್ತು.